ಮೊದಲು ದೋಣಿಗೆ ನೀರು ಕುಡಿಸಿ

ಮನೆಯಲ್ಲೇ ಹಲಗೆ ಜೋಡಿಸಿ ಮಾಡಿದ ದೋಣಿಯ ತಳ ಬಿರುಕು ಬಿಟ್ಟರೆ, ಬಿರುಕಿಗಿಂತ ಬೇಗ ಹಬ್ಬುವುದು ಸಲಹೆ. ಎಂ-ಸೀಲ್ ಮೆತ್ತು, ಡಾಂಬರು ಬಳಿ, ತಗಡು ಹೊಡೆ! ನಾನು ಹೇಳುವುದಿಷ್ಟೆ: ಮೊದಲು ದೋಣಿಗೆ ನೀರು ಕುಡಿಸಿ. ಬೇಸಿಗೆಯಲ್ಲಿ ದಡದ ಮೇಲೆ ಒಣಗಿದ ಹಲಗೆ ಎಳೆಯ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಅದರ ಹತ್ತಾರು ಪಟ್ಟು. ಸೀಳು ಎಳೆಗುಂಟ ಓಡುವುದು ಅದಕ್ಕೇ. ಒದ್ದೆ ಗೋಣಿ ಹೊದಿಸಿ ಕೆಲವು ದಿನ ಬಿಟ್ಟರೆ ಮರ ಉಬ್ಬಿ, ಎಷ್ಟೋ ಸಣ್ಣ ಸಂದುಗಳು ಕೂಲಿ ಕೇಳದೆ ಮುಚ್ಚಿಕೊಳ್ಳುತ್ತವೆ. ಒಣಗಿರುವಾಗಲೇ ಕಲ್ಲಾಗುವ ಅಂಟು ತುರುಕಿದಿರೋ, ಉಬ್ಬುವ ಮರಕ್ಕೆ ಜಾಗವಿಲ್ಲದೆ ಅದೇ ಬೆಣೆಯಾಗಿ ಸೀಳನ್ನು ಅಗಲಿಸೀತು. ಆಗ ದೋಣಿ ಮುಳುಗಿಸಿದ ಕೀರ್ತಿ ರಿಪೇರಿಯದೇ.

‘ಪ್ಲೈವುಡ್ ದೋಣಿಗೂ ಇದೇ ಮದ್ದೋ?’ ಎಂದು ಕೇಳುವವರಿದ್ದಾರೆ. ಅಲ್ಲ, ಒಪ್ಪಿದೆ. ಅದರ ಪದರಗಳ ಎಳೆಗಳು ಒಂದಕ್ಕೊಂದು ಅಡ್ಡ ಕೂತಿರುವುದರಿಂದ ಅದು ಉಬ್ಬಿ ಸಂದು ಮುಚ್ಚುವ ಜಾತಿಯದಲ್ಲ. ನೆನೆಸಿದರೆ ಮಳೆಗೆ ಸಿಕ್ಕಿದ ಪುಸ್ತಕದಂತೆ ಬಿಚ್ಚಿಕೊಂಡೀತು. ಅದನ್ನು ಚೆನ್ನಾಗಿ ಒಣಗಿಸಿ, ಬಿರುಕಿನ ತುದಿಗಳಲ್ಲಿ ಸಣ್ಣ ತೂತು ಕೊರೆದು ಓಟ ನಿಲ್ಲಿಸಿ, ಎಪಾಕ್ಸಿಯಲ್ಲಿ ಗಾಜುನಾರಿನ ಬಟ್ಟೆ ಅಂಟಿಸಬೇಕು. ಹಲಗೆ ದೋಣಿಯೂ ಉಬ್ಬಿದ ಮೇಲೆ ಸೋರಿದರೆ ಸಂದಿಗೆ ಹತ್ತಿನೂಲು ತುರುಕಲೇಬೇಕು. ಚಾಕು ಸಲೀಸಾಗಿ ಒಳಹೋಯಿತೋ, ಅದು ಬಿರುಕಲ್ಲ, ಕೊಳೆತ. ಅದಕ್ಕೆ ಔಷಧಿಯಿಲ್ಲ, ಬೇರೆ ಹಲಗೆಯೇ ಗತಿ.