ಹದಿನೈದನೆಯ ಹೆಸರಿಗೆ ಸನ್ಮಾನ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆ ಸಾಲದೆ ಕೆಳಗೇ ಕುರ್ಚಿ ಹಾಕಿಸಿಕೊಂಡಿರುವ ಇನ್ನಷ್ಟು ಗಣ್ಯರೇ, ಗಿರ್ಮಿಟ್ಟು-ಮಿರ್ಚಿ ಬರುವುದು ಭಾಷಣ ಮುಗಿದ ಮೇಲೆ ಎಂದು ತಿಳಿದು ಅಲುಗಾಡದೆ ಕೂತಿರುವ ಸಹೃದಯರೇ,

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಊರು ಕೂಡಿ ಇಂದು ಸನ್ಮಾನಿಸುತ್ತಿರುವುದು ಸಾಮಾನ್ಯರನ್ನಲ್ಲ. ಪ್ರತಿ ವಿಶ್ವಕಪ್ಪಿಗೂ ಭಾರತದ ಕ್ರಿಕೆಟ್ ತಂಡವನ್ನು ಮುಂಬೈಯ ಬಿಸಿಸಿಐಯವರಿಗಿಂತ ಮೊದಲೇ ಆರಿಸಿ ಕೈತೊಳೆದುಕೊಳ್ಳುವ ಚಹಾದಂಗಡಿಯ ಆಯ್ಕೆಗಾರರು ಇವರು. ಇವರಿಗೆ ಸಂಬಳವಿಲ್ಲ, ಭತ್ಯೆಯಿಲ್ಲ. ಚಹಾದ ಲೆಕ್ಕವೊಂದಿದೆ, ಅದೂ ಅಂಗಡಿಯವನ ಉದ್ರಿ ಪುಸ್ತಕದಲ್ಲಿ. 2027ರ ಅಕ್ಟೋಬರ್-ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ನಮೀಬಿಯಾಗಳಲ್ಲಿ ನಡೆಯಬೇಕಿರುವ ಏಕದಿನ ವಿಶ್ವಕಪ್ಪಿಗೆ ಇವರ ತಂಡ ಯಾವತ್ತೋ ತಯಾರಾಗಿದೆ. ಅಷ್ಟೊತ್ತಿಗೆ ರೋಹಿತ್ ಶರ್ಮಾಗೆ 40 ತುಂಬಿರುತ್ತದೆ, ವಿರಾಟ್ ಕೊಹ್ಲಿ 39ರ ಹೊಸ್ತಿಲಲ್ಲಿರುತ್ತಾರೆ ಎಂದು ಯಾರೋ ಅಡ್ಡಮಾತು ಆಡಿದ್ದಕ್ಕೆ, ‘ನಿಮ್ಮಪ್ಪಗ ಅರವತ್ತಾಗೇತಿ, ಹೊಲಕ್ಕ ಹೋಗೂದ ಬಿಟ್ಟಾನೇನೋ ತಮ್ಮಾ?’ ಎಂಬ ಉತ್ತರ ಬಂದು ವಿಷಯ ಇತ್ಯರ್ಥವಾಯಿತು.

ಮುಂದಾಗುವುದನ್ನು ನುಡಿಯುವುದು ಈ ಜಿಲ್ಲೆಗೆ ಹೊಸದೇನಲ್ಲ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಆಯುಧಪೂಜೆಯ ದಿನ ಮಾಲತೇಶನ ಕಾರಣಿಕ ನಡೆಯುತ್ತದೆ. ಉಪವಾಸವಿದ್ದ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದು ಕೂಗಿದರೆ ಸಾವಿರಾರು ಜನರ ಗದ್ದಲ ಗಪ್ಪಾಗುತ್ತದೆ. ಅವರು ಆಡುವುದು ಒಂದು ಮಾತು ಮಾತ್ರ. ಆಡಿ ಮೇಲಿಂದ ಬೀಳುತ್ತಾರೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಒಂದು ಮಾತಿನಲ್ಲಿ ರೈತ ಮಳೆ ಹುಡುಕುತ್ತಾನೆ, ವ್ಯಾಪಾರಿ ದರ ಹುಡುಕುತ್ತಾನೆ, ರಾಜಕಾರಣಿ ಕುರ್ಚಿ ಹುಡುಕುತ್ತಾನೆ. ಇಂದಿನ ಸನ್ಮಾನಿತರ ಪದ್ಧತಿ ತುಸು ಬೇರೆ. ಉಪವಾಸದ ಕಟ್ಟುನಿಟ್ಟಿಲ್ಲ, ಮಾತು ಒಂದಕ್ಕೆ ನಿಲ್ಲುವುದಿಲ್ಲ, ‘ಸದ್ದಲೇ’ ಎಂದರೆ ಸದ್ದು ಇನ್ನೂ ಜಾಸ್ತಿಯಾಗುತ್ತದೆ. ಗೊರವಯ್ಯ ಆಗುವುದನ್ನು ನುಡಿದರೆ ಇವರು ಆಗಬೇಕಾದ್ದನ್ನು ನುಡಿಯುತ್ತಾರೆ. ಆಗದಿದ್ದರೆ ಬಿಸಿಸಿಐಗೆ ತಿಳಿವಳಿಕೆಯಿಲ್ಲ ಎಂದು ತೀರ್ಮಾನಿಸುತ್ತಾರೆ.

15 ಜನರ ತಂಡದಲ್ಲಿ 12 ಹೆಸರನ್ನು ಟಿವಿ ನೋಡುವ ಯಾವ ಹುಡುಗನಾದರೂ ಹೇಳಿಯಾನು. ಅದಕ್ಕೆಲ್ಲ ಶಾಲು ಹೊದಿಸುವ ವಾಡಿಕೆಯಿಲ್ಲ. ಸನ್ಮಾನ ಇರುವುದು ಉಳಿದ ಮೂರು ಜಾಗಕ್ಕೆ. ಸ್ನೇಹ ಕೆಡುವುದು, ಗ್ಲಾಸು ಒಡೆಯುವುದು, ‘ನಾಳಿಂದ ನಿನ್ನ ಕೂಡ ಮಾತಿಲ್ಲ’ ಎಂಬ ಶಪಥ ಹುಟ್ಟುವುದು ಎಲ್ಲ ಅಲ್ಲೇ.

ಸನ್ಮಾನಿತರು ಊರಿಗೊಬ್ಬರಂತೆ ಮೂವರು. ಅವರಲ್ಲಿ ಹಿರಿಯರು ಬ್ಯಾಡಗಿಯವರು. ಮೆಣಸಿನಕಾಯಿ ವ್ಯಾಪಾರದಲ್ಲೇ ತಲೆ ನರೆತವರು, ಎಲ್ಲರಿಗೂ ಕಾಕಾ. ಮಾರುಕಟ್ಟೆಯ ದಿನ ಎಪಿಎಂಸಿ ಅಂಗಳದಲ್ಲಿ ಬಾಯಿ ಬಿಚ್ಚಿಟ್ಟ ಚೀಲಗಳ ನಡುವೆ ಕಾಕಾ ಓಡಾಡುವುದನ್ನು ನೋಡಬೇಕು. ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲುಗಿಸುತ್ತಾರೆ, ಒಳಗೆ ಬೀಜ ಗಲಗಲ ಎಂದರೆ ಒಣಗಿದೆ ಎಂದರ್ಥ. ಮುರಿಯುತ್ತಾರೆ, ಬೆರಳಿಗೆ ಹತ್ತಿದ ಕೆಂಪನ್ನು ಬಿಸಿಲಿಗೆ ಹಿಡಿದು ನೋಡುತ್ತಾರೆ. ಸುತ್ತ ಹತ್ತು ಮಂದಿ ಸೀನುತ್ತಿದ್ದರೂ ಕಾಕಾ ಸೀನುವುದಿಲ್ಲ. ಕಾಯಿ ಡಬ್ಬಿ ತಳಿಯದೋ ಕಡ್ಡಿ ತಳಿಯದೋ ಎಂಬುದು ಅವರಿಗೆ ದೂರದಿಂದಲೇ ಗೊತ್ತು. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಕಾಯಿಗೆ ಬೆಲೆ ಬರುವುದು ಖಾರದಿಂದಲ್ಲ, ಬಣ್ಣದಿಂದ. ಆ ಬಣ್ಣದ ರಸ ಲಿಪ್‌ಸ್ಟಿಕ್ಕಿನ ಕಾರ್ಖಾನೆಯವರೆಗೂ ಹೋಗುತ್ತದೆ. ಆಮೇಲೆ ಇ-ಟೆಂಡರು. ಪಕ್ಕದವನು ಎಷ್ಟು ಹಾಕಿದ ಎಂದು ತಿಳಿಯದೆ ತನ್ನ ದರ ಹಾಕಬೇಕು. ಒಂದು ರೂಪಾಯಿ ಕಡಿಮೆಯಾದರೂ ಲಾಟು ಕೈತಪ್ಪೀತು, ಹೆಚ್ಚಾದರೆ ಗಂಟು ಕರಗೀತು.

ಇಷ್ಟು ಕಣ್ಣಿಟ್ಟು, ಕಿವಿಯಿಟ್ಟು ದರ ಕಟ್ಟುವ ಮನುಷ್ಯ ಸಂಜೆ ಚಹಾದಂಗಡಿಗೆ ಬಂದು, ಐಪಿಎಲ್‌ನಲ್ಲಿ ಒಂದೇ ರಾತ್ರಿ ಮೂರು ಸಿಕ್ಸರ್ ಬಾರಿಸಿದ ಹುಡುಗನನ್ನು ನೋಡಿದ್ದೇ ತಡ, ‘ಇವನ್ನ ಹಾಕ್ರಿ. ವರ್ಲ್ಡ್ ಕಪ್ಪಿಗೆ ನಾಳೆನ ಕಳಸ್ರಿ’ ಎನ್ನುತ್ತಾರೆ. ಅಲುಗಿಸುವುದಿಲ್ಲ, ಮುರಿಯುವುದಿಲ್ಲ, ಬಿಸಿಲಿಗೆ ಹಿಡಿಯುವುದಿಲ್ಲ. ಕಾಯಿಗೊಂದು ನ್ಯಾಯ, ಆಟಗಾರನಿಗೊಂದು ನ್ಯಾಯ ಎಂದು ಕೇಳುವ ಧೈರ್ಯ ಈ ವೇದಿಕೆಗಿಲ್ಲ. ಸಮಾರಂಭದ ಶಾಮಿಯಾನ ಕಾಕಾ ಅವರದೇ ಕೊಡುಗೆ.

ರಾಣೆಬೆನ್ನೂರಿನ ಸನ್ಮಾನಿತರು ಬೀಜದ ವ್ಯಾಪಾರಿ. ಹೈಬ್ರಿಡ್ ಬೀಜಕ್ಕೆ ಹೆಸರಾದ ಊರಿನವರಾದ್ದರಿಂದ ಎಲ್ಲ ಜಾಗಕ್ಕೂ ಅವರಿಗೆ ಆಲ್‌ರೌಂಡರೇ ಬೇಕು. ಬ್ಯಾಟೂ ಬೇಕು, ಬಾಲೂ ಬೇಕು, ಕ್ಯಾಚೂ ಬೇಕು. ಅವರನ್ನು ನೋಡಿ ನಗುವವರು 2019ನ್ನು ನೆನೆಯಬೇಕು. ಆ ವರ್ಷ ಅಧಿಕೃತ ಆಯ್ಕೆ ಸಮಿತಿಯೇ ಅಂಬಟಿ ರಾಯುಡುವನ್ನು ಬಿಟ್ಟು, ಮೂರು ಆಯಾಮದ ಆಟಗಾರ ಎಂದು ವಿಜಯ್ ಶಂಕರ್‌ಗೆ ಸೀಟು ಕೊಟ್ಟಿತು. ವಿಶ್ವಕಪ್ ನೋಡಲು ತ್ರೀಡಿ ಕನ್ನಡಕಕ್ಕೆ ಆರ್ಡರ್ ಮಾಡಿದ್ದೇನೆ ಎಂದು ರಾಯುಡು ಟ್ವೀಟ್ ಮಾಡಿದರು. ಕಡೆಗೆ ವಿಜಯ್ ಶಂಕರ್ ಕಾಲ್ಬೆರಳಿಗೆ ಪೆಟ್ಟಾಗಿ ಊರಿಗೆ ಬಂದಾಗ, ಇಂಗ್ಲೆಂಡಿನ ವಿಮಾನ ಹತ್ತಿದ್ದು ಅದುವರೆಗೆ ಒಂದೂ ಏಕದಿನ ಪಂದ್ಯ ಆಡಿರದ ನಮ್ಮ ಮಯಂಕ್ ಅಗರ್‌ವಾಲ್. ಮೀಸಲು ಪಟ್ಟಿಯಲ್ಲಿದ್ದ ರಾಯುಡು ಆ ವಾರವೇ ನಿವೃತ್ತಿ ಹೇಳಿದರು. ಇಂಥದ್ದನ್ನು ಚಹಾದಂಗಡಿಯಲ್ಲಿ ಕುಡಿದವರೂ ಊಹಿಸಿರಲಿಲ್ಲ.

ಹಾವೇರಿಯವರ ವಿಷಯ ಸ್ವಲ್ಪ ಸೂಕ್ಷ್ಮ. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಜಿಲ್ಲಾ ಕೇಂದ್ರವಾದ ಊರು. ಅಲ್ಲಿನ ಸನ್ಮಾನಿತರು ಸರ್ಕಾರಿ ಕಚೇರಿಯಲ್ಲಿ ಫೈಲು ನೋಡುವವರಾದ್ದರಿಂದ ಎಲ್ಲವನ್ನೂ ಕೋಟಾ ಲೆಕ್ಕದಲ್ಲೇ ನೋಡುತ್ತಾರೆ. 15ರಲ್ಲಿ ಮೂರು ಕರ್ನಾಟಕಕ್ಕೆ ಎಂಬುದು ಅವರ ನಿಯಮ. ಆಧಾರ ಕೇಳಿದರೆ 1996 ಎನ್ನುತ್ತಾರೆ. ಆ ಒಂದೇ ವರ್ಷ ಶ್ರೀನಾಥ್, ಕುಂಬ್ಳೆ, ವೆಂಕಟೇಶ್ ಪ್ರಸಾದ್, ದ್ರಾವಿಡ್, ಸುನಿಲ್ ಜೋಶಿ, ಡೇವಿಡ್ ಜಾನ್ಸನ್ ಆರೂ ಮಂದಿ ಭಾರತಕ್ಕೆ ಟೆಸ್ಟ್ ಆಡಿದ್ದರು. ಅದರ ಅರ್ಧವಾದರೂ ಇಂದಿಗೂ ನಡೆಯಬೇಕು ಎಂಬುದು ಅವರ ವಾದ. ಕೆ.ಎಲ್. ರಾಹುಲ್ ಹೆಸರನ್ನು ಅವರು ಮೊದಲ ಸಾಲಿನಲ್ಲೇ ಬರೆದು ಅಡಿಗೆರೆ ಹಾಕುತ್ತಾರೆ. 2023ರ ವಿಶ್ವಕಪ್ಪಿಗೆ ತೊಡೆಯ ಗಾಯದಿಂದ ರಾಹುಲ್ ಬರುತ್ತಾರೋ ಇಲ್ಲವೋ ಎಂದು ದೇಶವೆಲ್ಲ ಅನುಮಾನಿಸಿದಾಗ ಇವರೊಬ್ಬರೇ ಅಳಿಸಿರಲಿಲ್ಲ. ರಾಹುಲ್ ಕೀಪಿಂಗನ್ನೂ ಮಾಡಿ, 452 ರನ್ನೂ ಹೊಡೆದರು. ಚೆನ್ನೈಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಔಟಾಗದೆ 97. ಆವತ್ತಿನಿಂದ ಕಚೇರಿಯಲ್ಲಿ ಇವರ ಮಾತಿನ ತೂಕ ಬಹಳ ಹೆಚ್ಚಿದೆ. 2024ರ ಟಿ20 ವಿಶ್ವಕಪ್ಪಿಗೆ ರಾಹುಲ್‌ರನ್ನು ಕೈಬಿಟ್ಟೂ ಭಾರತ ಗೆದ್ದದ್ದನ್ನು ಅವರ ಎದುರು ಯಾರೂ ಎತ್ತಬಾರದಾಗಿ ವಿನಂತಿ.

ಇಲ್ಲೊಂದು ಮಾತು ಹೇಳಲೇಬೇಕು. ಅಧಿಕೃತ ಆಯ್ಕೆ ಸಮಿತಿಯ ಕುರ್ಚಿ ನಮ್ಮ ಪಕ್ಕದ ಜಿಲ್ಲೆಗೆ ನಿಜವಾಗಿಯೂ ಒಮ್ಮೆ ಬಂದಿತ್ತು. ಬೆಳಗಿನ ಜಾವ ಗದಗದಿಂದ ಹುಬ್ಬಳ್ಳಿಗೆ ಪ್ರಾಕ್ಟೀಸಿಗೆ ಹೋಗಿ, ಶಾಲೆಯ ಹೊತ್ತಿಗೆ ಮತ್ತೆ ಗದಗ ಮುಟ್ಟುತ್ತಿದ್ದ ಹುಡುಗ ಸುನಿಲ್ ಜೋಶಿ, 2020ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಸೀಟು ತಪ್ಪುವುದು ಅಂದರೇನೆಂದು ಅವರಿಗೆ ಗೊತ್ತಿತ್ತು. 1999ರ ವಿಶ್ವಕಪ್ ತಂಡದಲ್ಲಿ ಅವರಿರಲಿಲ್ಲ. ಅದು ಮುಗಿದು ಮೂರೇ ತಿಂಗಳಿಗೆ, ಸೆಪ್ಟೆಂಬರ್ 26ರಂದು, ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಅಂಥವರು ಅಧ್ಯಕ್ಷರಾದಾಗ ಮೂರೂ ಊರಿನ ಚಹಾದಂಗಡಿಗಳಲ್ಲಿ ಹಬ್ಬ. ಇನ್ನು ನಮ್ಮ ಪಟ್ಟಿ ನೇರ ಮೇಲೆ ಮುಟ್ಟುತ್ತದೆ ಎಂಬ ಲೆಕ್ಕಾಚಾರ. ಅದೇ ತಿಂಗಳು ಕೊರೊನಾ ಬಾಗಿಲು ಹಾಕಿಸಿತು, ಆ ವರ್ಷದ ಟಿ20 ವಿಶ್ವಕಪ್ಪೂ ಮುಂದಕ್ಕೆ ಹೋಯಿತು, ಡಿಸೆಂಬರ್‌ನಲ್ಲಿ ಅಧ್ಯಕ್ಷರೂ ಬದಲಾದರು. ಪಟ್ಟಿ ಜೇಬಿನಲ್ಲೇ ಉಳಿಯಿತು. ಆದರೆ ಜೋಶಿ ಸಮಿತಿ ಆಸ್ಟ್ರೇಲಿಯಾಕ್ಕೆ ಕಳಿಸಿದ ಬಳಗದಲ್ಲಿ ಹೆಚ್ಚುವರಿ ಬೌಲರ್ ಎಂದು ಹೋಗಿದ್ದ ಸೇಲಂ ಕಡೆಯ ಟಿ. ನಟರಾಜನ್ ಒಂದೇ ಪ್ರವಾಸದಲ್ಲಿ ಮೂರೂ ಮಾದರಿಯಲ್ಲಿ ಭಾರತದ ಕ್ಯಾಪ್ ತೊಟ್ಟರು. 2021ರ ಜನವರಿಯಲ್ಲಿ ಗಾಬಾದಲ್ಲಿ ಗೆದ್ದ ಹನ್ನೊಂದರಲ್ಲಿ ಅವರೂ ಒಬ್ಬರು.

ಪಟ್ಟಿಯ ಹೊರಗಿನವರು ಹೀಗೆ ಆಟ ಗೆಲ್ಲಿಸುವುದು ಸನ್ಮಾನಿತರಿಗೆ ಬೇಸರದ ಸಂಗತಿ. 2025ರ ಚಾಂಪಿಯನ್ಸ್ ಟ್ರೋಫಿಗೆ ಮೊದಲು ಪ್ರಕಟಿಸಿದ 15ರಲ್ಲಿ ವರುಣ್ ಚಕ್ರವರ್ತಿ ಇರಲಿಲ್ಲ. ಯಶಸ್ವಿ ಜೈಸ್ವಾಲ್ ಜಾಗಕ್ಕೆ ಕಡೆಗಳಿಗೆಯಲ್ಲಿ ಬಂದು, ದುಬೈನಲ್ಲಿ ನ್ಯೂಜಿಲೆಂಡಿನ ಐದು ವಿಕೆಟ್ ಕಿತ್ತರು. ಆಡುವುದು ತಮಿಳುನಾಡಿಗೆ, ಹುಟ್ಟಿದ್ದು ಬೀದರಿನಲ್ಲಿ ಎಂಬುದು ಹೊರಬಿದ್ದ ಕೂಡಲೇ ಹಾವೇರಿಯವರು ತಮ್ಮ ಕೋಟಾದಲ್ಲಿ ಒಂದು ಭರ್ತಿ ಎಂದು ಬರೆದುಕೊಂಡರು. 2024ರ ಜೂನ್ 6ರಂದು ಡಲ್ಲಾಸ್‌ನಲ್ಲಿ ಪಾಕಿಸ್ತಾನವನ್ನು ಸೂಪರ್ ಓವರ್‌ನಲ್ಲಿ ಮಣಿಸಿದ ಅಮೆರಿಕ ತಂಡದಲ್ಲಿ ಮೂರು ವಿಕೆಟ್ ಪಡೆದ ನಾಸ್ತುಷ್ ಕೆಂಜಿಗೆ ಚಿಕ್ಕಮಗಳೂರು ಕಡೆಯ ಮನೆತನದವರು ಎಂದು ತಿಳಿದಾಗ, ಕೋಟಾವನ್ನು ಅಮೆರಿಕಕ್ಕೂ ವಿಸ್ತರಿಸಲಾಯಿತು.

ನಿಜಕ್ಕೂ ಇವರ ಪ್ರತಿಭೆ ಪೂರಾ ಅರಳಬೇಕಾದ ಜಾಗ ಕ್ರಿಕೆಟ್ ಅಲ್ಲ, ಬೇಸ್‌ಬಾಲ್. ಅಲ್ಲಿನ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನಲ್ಲಿ ತಂಡಕ್ಕೆ 30 ಜನ, ಅಂದರೆ ಜಗಳಕ್ಕೆ ದುಪ್ಪಟ್ಟು ಅವಕಾಶ. ಮೇಲಾಗಿ ತಾಯಿಯೋ ತಂದೆಯೋ ಆ ದೇಶದವರಾದರೂ ಸಾಕು, ಆಡಬಹುದು. ಅಲ್ಲಿ ತಂಡ ಊಹಿಸಬೇಕಾದರೆ ರನ್ನಿನ ಲೆಕ್ಕಕ್ಕಿಂತ ಮೊದಲು ‘ಯಾರ ಮನಿಯವ? ತಾಯಿ ತವರುಮನಿ ಯಾವುದು?’ ಎಂದು ಕೇಳಬೇಕು. ಬೀಗರ ಊರು ತಿಳಿಯದೆ ನೀರು ಮುಟ್ಟದ ನಮ್ಮ ಕಾಕಾಗೆ ಇದು ಎಡಗೈ ಕೆಲಸ. ಅಮೆರಿಕದಲ್ಲಿ ಹುಟ್ಟಿ ಬೆಳೆದ ಲಾರ್ಸ್ ನೂಟ್‌ಬಾರ್ 2023ರಲ್ಲಿ ತಾಯಿಯ ಕಡೆಯಿಂದ ಜಪಾನ್ ತಂಡ ಸೇರಿದ್ದು ಹೀಗೇ. ಆತ ಎರಡೂ ಮುಷ್ಟಿ ತಿರುಗಿಸಿ ಮೆಣಸು ಬೀಸುವಂತೆ ಮಾಡುವ ಸನ್ನೆ ಇಡೀ ಜಪಾನಿಗೆ ಹತ್ತಿಕೊಂಡಿತು. ಮಾರ್ಚ್ 21ರಂದು ಮಯಾಮಿಯಲ್ಲಿ ಜಪಾನ್ 3-2ರಿಂದ ಅಮೆರಿಕವನ್ನು ಸೋಲಿಸಿ ಕಪ್ ಒಯ್ದಿತು. ವಿಡಿಯೊ ನೋಡಿದ ಕಾಕಾ, ‘ಕರಿಮೆಣಸು ಬೀಸ್ಯಾನ, ಬ್ಯಾಡಗಿದು ಬೀಸಿದ್ರ ಇನ್ನೂ ಎರಡು ರನ್ ಬರ್ತಿದ್ದು’ ಎಂದು ಷರಾ ಬರೆದರು.

ಇನ್ನು ಹಾರದ ವಿಷಯ. ಹಾವೇರಿಯ ಹೆಮ್ಮೆಯ ಏಲಕ್ಕಿ ಹಾರವನ್ನೇ ಹಾಕಬೇಕೆಂಬುದು ಎಲ್ಲರ ಆಸೆಯಾಗಿತ್ತು. ಏಲಕ್ಕಿಯ ದರ ಕೇಳಿದ ಖಜಾಂಚಿಯವರು ತಂಡದ ನಿಯಮವನ್ನೇ ಹಾರಕ್ಕೂ ಅನ್ವಯಿಸಿದ್ದಾರೆ. ಒಂದೊಂದು ಹಾರಕ್ಕೆ 15 ಏಲಕ್ಕಿ, ಉಳಿದದ್ದು ದಾರ ಮತ್ತು ಮಣಿ. ಮೂರು ಏಲಕ್ಕಿಯನ್ನು ಮೀಸಲಾಗಿ ಜೇಬಿನಲ್ಲಿ ಇಡಲಾಗಿದೆ.

ಶಾಲು ಹೊದಿಸುವ ಮುನ್ನ ಒಂದು ಸಣ್ಣ ಅಡಚಣೆ. ಮುಂದಿನ ಸಾಲಿನಲ್ಲಿ ಕೂತಿರುವ, ಬೀಜದ ವ್ಯಾಪಾರಿಯ ತಮ್ಮನ ಮಗಳು ಎದ್ದುನಿಂತು, ‘ದೊಡ್ಡಪ್ಪಾ, ಹೆಣ್ಣುಮಕ್ಕಳ ಟೀಮಿನ ಲಿಸ್ಟ್ ಎಲ್ಲೈತಿ?’ ಎಂದು ಕೇಳಿದ್ದಾಳೆ. ಪ್ರಶ್ನೆ ಕ್ರಮಬದ್ಧವಾಗಿದೆ. 2017ರ ವಿಶ್ವಕಪ್ಪಿನಲ್ಲಿ ಬೆಂಚು ಕಾಯ್ದಿದ್ದ ವಿಜಯಪುರದ ರಾಜೇಶ್ವರಿ ಗಾಯಕವಾಡ, ನ್ಯೂಜಿಲೆಂಡ್ ವಿರುದ್ಧ ಗೆಲ್ಲದಿದ್ದರೆ ಮನೆಗೆ ಎಂಬಂಥ ಪಂದ್ಯದಲ್ಲಿ ಇಳಿದು 15 ರನ್ನಿಗೆ ಐದು ವಿಕೆಟ್ ತೆಗೆದರು. ಅದೇ ಪಂದ್ಯದಲ್ಲಿ ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಕ್ಕೆ 70 ಬಾರಿಸಿದರು. 2025ರ ವಿಶ್ವಕಪ್ಪಿನಲ್ಲಂತೂ ಶಫಾಲಿ ವರ್ಮಾ 15ರಲ್ಲೂ ಇಲ್ಲ, ಮೀಸಲಿನಲ್ಲೂ ಇಲ್ಲ. ಪ್ರತೀಕಾ ರಾವಲ್ ಗಾಯಗೊಂಡದ್ದಕ್ಕೆ ಸೆಮಿಫೈನಲ್ ಹೊತ್ತಿಗೆ ಬಂದು, ನವೆಂಬರ್ 2ರ ಫೈನಲ್‌ನಲ್ಲಿ 87 ರನ್, ಎರಡು ವಿಕೆಟ್, ಪಂದ್ಯಶ್ರೇಷ್ಠೆ. ಆ ರಾತ್ರಿ ಪಟಾಕಿ ಹಚ್ಚಿದವರಲ್ಲಿ ಇಂದಿನ ಮೂವರೂ ಇದ್ದರು. ಪಟ್ಟಿ ಮಾತ್ರ ಮಾಡಿರಲಿಲ್ಲ.

ಹುಡುಗಿ ಕೂತುಕೊಳ್ಳಲು ಒಪ್ಪುತ್ತಿಲ್ಲ. ಆದ್ದರಿಂದ ಅಧ್ಯಕ್ಷರ ಅಪ್ಪಣೆಯಂತೆ, ಸನ್ಮಾನಿತರು ಹಾಳೆ ನೋಡದೆ, ಮೊಬೈಲು ಮುಟ್ಟದೆ 15 ಹೆಸರು ಹೇಳುವ ತನಕ ಮಿರ್ಚಿಯ ಬಾಣಲೆ ಒಲೆಯ ಮೇಲಿಡಬಾರದೆಂದು ಅಡುಗೆಯವರಿಗೆ ತಿಳಿಸಲಾಗಿದೆ. ಹರ್ಮನ್‌ಪ್ರೀತ್, ಸ್ಮೃತಿ, ದೀಪ್ತಿ, ಜೆಮಿಮಾ, ರಿಚಾ, ಶಫಾಲಿ. ಸದ್ಯ ಆರಾಗಿದೆ. ಏಳನೆಯದಕ್ಕೆ ಕಾಕಾ ಹಾವೇರಿಯವರ ಮುಖ ನೋಡುತ್ತಿದ್ದಾರೆ, ಹಾವೇರಿಯವರು ಶಾಮಿಯಾನ ನೋಡುತ್ತಿದ್ದಾರೆ.