ಡೊಂಬಿವಲಿ ಪ್ರಯಾಣಿಕನ ನಿಷ್ಕ್ರಿಯತಾ ನಿರ್ಣಯ

ಮುಂಬಯಿ ಲೋಕಲ್ ರೈಲಿನ ಪ್ರಯಾಣಿಕ ನಿಷ್ಕ್ರಿಯನೋ ಸಕ್ರಿಯನೋ? 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಬಂತು. ಆ ಕಾಲದ ಪಂಡಿತರು ಈ ಪ್ರಶ್ನೆ ಎತ್ತದಿದ್ದುದಕ್ಕೆ ಅವರಿಗೆ ಸೀಟು ಸಿಕ್ಕಿದ್ದೇ ಕಾರಣವಿರಬೇಕು.

ಮೊದಲು ಲಕ್ಷಣ. ಪಡೆದ ಮತ್ತು ಕೂಡಿಟ್ಟ ಶಕ್ತಿಗಿಂತ ಹೆಚ್ಚನ್ನು ಹೊರಗೆ ಕೊಡದ್ದು ನಿಷ್ಕ್ರಿಯ. ರೇಖೀಯ ವ್ಯವಸ್ಥೆಗೆ ಇದರ ಪರೀಕ್ಷೆಯನ್ನು ಓಟೋ ಬ್ರೂನ್ 1931ರಲ್ಲೇ ಹಾಕಿಕೊಟ್ಟ: ಒಳಹರಿವನ್ನು ಹೊರಹರಿವಿಗೆ ಬೆಸೆಯುವ ವರ್ಗಾವಣೆ ಫಲನ ಧನ-ವಾಸ್ತವವಾಗಿರಬೇಕು, ಅಂದರೆ ಆವರ್ತ ಬದಲಾದಂತೆ ಆ ಫಲನ ಬಿಡಿಸುವ ನೈಕ್ವಿಸ್ಟ್ ರೇಖೆ ಎಡ ಅರ್ಧತಲಕ್ಕೆ ಕಾಲಿಡಬಾರದು. ಈಗ ಮ್ಯಾಟ್‌ಲ್ಯಾಬ್ ತಂತ್ರಾಂಶಕ್ಕೆ ‘ಈಸ್‌ಪ್ಯಾಸಿವ್’ ಎಂದರೆ ಸಾಕು, ನಿಷ್ಕ್ರಿಯವಾದರೆ 1, ಇಲ್ಲವಾದರೆ 0 ಎಂದು ಹೇಳಿ ಸುಮ್ಮನಾಗುತ್ತದೆ.

ನಮ್ಮ ಪ್ರಯಾಣಿಕನಿಗೆ ಹಿಂದಿನವರ ನೂಕು ಒಳಹರಿವು, ಅವನು ಸರಿಯುವ ವೇಗ ಹೊರಹರಿವು. ಡಬ್ಬಿ ಸಮೇತ ಅವನ ತೂಕ ದ್ರವ್ಯರಾಶಿ, ಅಕ್ಕಪಕ್ಕದವರ ಮೊಣಕೈ ಘರ್ಷಣೆ. ತಂತ್ರಾಂಶದ ತೀರ್ಪು: 1.

ಇಲ್ಲಿ ಪೂರ್ವಪಕ್ಷಿ ಏಳುತ್ತಾನೆ. ನೂಕು ಇಮ್ಮಡಿಯಾದರೆ ಚಲನೆ ಇಮ್ಮಡಿಯಾಗದು. ಮೂವರ ಬೆಂಚಿನ ‘ನಾಲ್ಕನೇ ಸೀಟಿನ’ ಅಂಚಿನಲ್ಲಿ ಕೂತವನು ರೇಖೀಯನೆನ್ನುವುದು ಹೇಗೆ? ಸಮಾಧಾನ: ಚಲನೆ ಅತ್ಯಲ್ಪವಾಗಿದ್ದರೆ ಯಾವುದನ್ನೂ ರೇಖೀಯವೆಂದು ಬಗೆಯಬಹುದು. ಬೆಳಗಿನ ಫಾಸ್ಟ್ ಲೋಕಲಿನಲ್ಲಿ ಈ ನಿಬಂಧನೆ ಪಾಲನೆಯಾಗುವಷ್ಟು ನಿಷ್ಠೆಯಿಂದ ಯಾವ ಪ್ರಯೋಗಶಾಲೆಯಲ್ಲೂ ಆಗುವುದಿಲ್ಲ.

ನಿಷ್ಕ್ರಿಯವಾದ ಎರಡನ್ನು ಸಮಾಂತರವಾಗಿ ಜೋಡಿಸಿದರೂ, ಋಣ ಹಿಂಪೂರಣದಲ್ಲಿ ಜೋಡಿಸಿದರೂ ನಿಷ್ಕ್ರಿಯತೆ ಕೆಡದು. ಒಂದೇ ಹಿಡಿಕೆಗೆ ಜೋತುಬಿದ್ದ ಇಬ್ಬರು ಮೊದಲನೆಯದಕ್ಕೆ ಉದಾಹರಣೆ. ಎರಡನೆಯದಕ್ಕೆ, ಮುಂಬಯಿಗೆ ಹೋಗಬೇಕಾದವನು ಡೊಂಬಿವಲಿಯಲ್ಲಿ ಹಿಮ್ಮುಖವಾಗಿ ಕಲ್ಯಾಣದ ಗಾಡಿ ಹತ್ತಿ, ಅದು ಅಲ್ಲಿಂದ ತಿರುಗುವಾಗ ಕಿಟಕಿ ಸೀಟಿನಲ್ಲೇ ಉಳಿಯುವುದು. ಇವನಷ್ಟು ನಿಷ್ಕ್ರಿಯ ಜೀವಿ ಶಾಸ್ತ್ರದಲ್ಲಿ ಇನ್ನೊಂದಿಲ್ಲ. ಘಾಟ್ಕೋಪರ್‌ವರೆಗೆ ಗೊರಕೆ ಹೊಡೆಯುತ್ತಾನೆ.

ಸರಣಿ ಜೋಡಣೆಗೆ ಮಾತ್ರ ಈ ಅಭಯವಿಲ್ಲ. ಡೊಂಬಿವಲಿಯಿಂದ ಠಾಣೆ, ನಿಷ್ಕ್ರಿಯ. ಠಾಣೆಯಿಂದ 2004ರ ಟ್ರಾನ್ಸ್‌ಹಾರ್ಬರ್ ಹಳಿಯಲ್ಲಿ ವಾಶಿ, ಅದೂ ನಿಷ್ಕ್ರಿಯ. ಎರಡನ್ನೂ ಗುಣಿಸಿದರೆ ಹಂತಾಂತರ 90 ಡಿಗ್ರಿ ದಾಟಿ, ತಂತ್ರಾಂಶ ಮುಲಾಜಿಲ್ಲದೆ 0 ಎನ್ನುತ್ತದೆ. ನವಿ ಮುಂಬಯಿಯಲ್ಲಿ ನೌಕರಿ ಮಾಡುವ ಡೊಂಬಿವಲಿಯವರ ಸಿಡುಕಿಗೆ ಹೀಗೆ ಗಣಿತದ ಆಧಾರ ದೊರೆತಂತಾಯಿತು. ಮನೆಯವರು ಇನ್ನು ಜಾತಕ ತೋರಿಸಬೇಕಾಗಿಲ್ಲ.

ಕಡೆಯದಾಗಿ ವಿಳಂಬ. ನಮ್ಮ ಪ್ರಯಾಣಿಕನ ಫಲನವನ್ನು ಶುದ್ಧ ವಿಳಂಬದಿಂದ ಗುಣಿಸಿ ನೋಡಿ. ಅದು ಎಷ್ಟೇ ಚಿಕ್ಕದಿರಲಿ, ಯಾವುದೋ ಒಂದು ಆವರ್ತದಲ್ಲಿ ನೈಕ್ವಿಸ್ಟ್ ರೇಖೆ ಎಡಕ್ಕೆ ಹೊರಳುತ್ತದೆ. ಪ್ರಾಯೋಗಿಕ ಸಾಕ್ಷ್ಯ ಬೇಕೆಂದವರು ಹಳಿ ದುರಸ್ತಿಗೆಂದು ಗಾಡಿ ತಡೆಯುವ ಭಾನುವಾರದ ಮೆಗಾಬ್ಲಾಕ್ ದಿನ ಪ್ಲಾಟ್‌ಫಾರಂನಲ್ಲಿ ನಿಲ್ಲಬಹುದು: ಗಾಡಿ ತಡವೆಂಬ ಘೋಷಣೆ ಮುಗಿಯುವ ಮೊದಲೇ ಪ್ರಯಾಣಿಕನು ಪಡೆದದ್ದಕ್ಕಿಂತ ಹೆಚ್ಚು ಶಕ್ತಿಯನ್ನು ಹೊರಹಾಕತೊಡಗುತ್ತಾನೆ, ಮರಾಠಿಯಲ್ಲಿ ಆರಂಭಿಸಿ, ಕೋಪ ಏರಿದಂತೆ ಕನ್ನಡಕ್ಕೂ ತುಳುವಿಗೂ ಇಳಿದು.