ಭೀಮಪಲಾಸಿ, ಬೇಸ್‌ಮೆಂಟು ಮತ್ತು ರೊಟ್ಟಿ ಬಡಿತ

ಮನೆ ಸ್ಟುಡಿಯೊ ಎಂಬುದು ರೋಣ, ನರಗುಂದ, ಗಜೇಂದ್ರಗಡ ಸೀಮೆಯಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಗೃಹಸ್ಥರಲ್ಲಿ, ಮನೆಸಾಲದ ಕಂತು ಕೈಗೆ ನಿಲುಕಿದ ಮೇಲೆ ಕಾಣಿಸಿಕೊಳ್ಳುವ ಹವ್ಯಾಸ. ಜಾಗ ಬೇಸ್‌ಮೆಂಟು. ಸಾಮಗ್ರಿ: 61 ಕೀಗಳ ಕೀಬೋರ್ಡು, ಲ್ಯಾಪ್‌ಟಾಪು, ಆಡಿಯೊ ಇಂಟರ್‌ಫೇಸ್ ಎಂಬ ಪುಟ್ಟ ಡಬ್ಬಿ, ಹೆಡ್‌ಫೋನು, ಒಂದು ಮೈಕು. ಇವುಗಳಿಗೆ ಎರಡು ಬೆಲೆ: ಅಂಗಡಿಗೆ ಕೊಟ್ಟದ್ದು ಒಂದು, ಹೆಂಡತಿಗೆ ಹೇಳಿದ್ದು ಇನ್ನೊಂದು.

ಈ ಹವ್ಯಾಸಕ್ಕೆ ನೆಲದ ಗುಣವೂ ಕಾರಣ. ಭೀಮಸೇನ ಜೋಶಿ 1922ರಲ್ಲಿ ಹುಟ್ಟಿದ್ದು ರೋಣದಲ್ಲಿ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಸಂಖ್ಯ ಮಕ್ಕಳಿಗೆ ಸಂಗೀತ ಕಲಿಸಿದರು. ಹೀಗಾಗಿ ಈ ಭಾಗದಲ್ಲಿ ಪೇಟಿಯನ್ನು, ಅಂದರೆ ಹಾರ್ಮೋನಿಯಮ್ಮನ್ನು, ಮುಟ್ಟಿಯೇ ನೋಡದವರು ಸಿಗಬಹುದು, ಪೇಟಿಯ ಬಗ್ಗೆ ಅಭಿಪ್ರಾಯವಿಲ್ಲದವರು ಸಿಗುವುದಿಲ್ಲ.

ಸ್ವಂತ ರಚನೆಗಳಲ್ಲಿ ಮೂರು ಬಗೆ. ರೋಣದವರದು ಭೀಮಪಲಾಸಿ ರಾಗದಲ್ಲೇ ಶುರುವಾಗುತ್ತದೆ. ನರಗುಂದದವರ ಕೃತಿಗೆ ‘ಬಂಡಾಯ’ ಎಂದೇ ಹೆಸರು, ಡ್ರಮ್ಮು ಜಾಸ್ತಿ. 1858ರಲ್ಲಿ ಬಾಬಾಸಾಹೇಬ ಭಾಸ್ಕರರಾವ್ ಭಾವೆ ಬ್ರಿಟಿಷರ ಮೇಲೆ ತಿರುಗಿಬಿದ್ದ ಊರದು. ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ನೋಡಿದ ಗಜೇಂದ್ರಗಡದವರು ಮೊದಲ ಅರ್ಧ ನಿಮಿಷ ಬರೀ ಗಾಳಿ ಬೀಸಿಸುತ್ತಾರೆ.

ಪೇಟಿ ಕಲಿತವರಿಗೆ ಕೀಬೋರ್ಡಿನಲ್ಲಿ ಮೊದಲ ತೊಡಕು ಎಡಗೈಯದು. ತಿದಿ ಒತ್ತಿ ರೂಢಿಯಾದ ಆ ಕೈ ಇಲ್ಲಿ ನಿರುದ್ಯೋಗಿ. ಗಾಳಿ ಹಾಕಲು ಏನಾದರೂ ಸಿಕ್ಕೀತೇ ಎಂದು ಮೇಜಿನ ಮೇಲೆ ತಡಕಾಡುತ್ತದೆ. ಎರಡನೆಯ ತೊಡಕು ಬಲಗೈಯದು. ಪೇಟಿಯಲ್ಲಿ ದನಿಯ ಏರಿಳಿತ ತಿದಿಯಿಂದ ಬಂದರೆ, ಕೀಬೋರ್ಡಿನಲ್ಲಿ ಬೆರಳು ಬೀಳುವ ವೇಗದಿಂದ ಬರುತ್ತದೆ. 1983ರಲ್ಲಿ ಬಳಕೆಗೆ ಬಂದ ಮಿಡಿ ಪದ್ಧತಿ ಈ ವೇಗವನ್ನು 1ರಿಂದ 127ರವರೆಗೆ ಅಳೆಯುತ್ತದೆ. ಪೇಟಿಯ ಬೆರಳು ಎಲ್ಲ ಸ್ವರವನ್ನೂ ಒಂದೇ ಸಮ ಒತ್ತುವುದರಿಂದ ಲ್ಯಾಪ್‌ಟಾಪಿನ ಪರದೆಯಲ್ಲಿ ಭೀಮಪಲಾಸಿ ನರಗುಂದದ ಎರೆಹೊಲದಷ್ಟು ಸಪಾಟಾಗಿ ಕಾಣುತ್ತದೆ.

ಮೂರನೆಯದು ಮೀಂಡ್. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಪೇಟಿಗೆ ಬಾರದು. ಆಕಾಶವಾಣಿ 1940ರಿಂದ 1971ರವರೆಗೆ ಅದಕ್ಕೆ ಬಾಗಿಲು ಹಾಕಿದ್ದಕ್ಕೆ ಈ ಕೊರತೆಯೂ ಒಂದು ಕಾರಣ. ಕೀಬೋರ್ಡಿನ ಎಡತುದಿಯಲ್ಲಿರುವ ಪಿಚ್ ಬೆಂಡ್ ಚಕ್ರ ಸಾಮಾನ್ಯವಾಗಿ ಎರಡು ಅರ್ಧಸ್ವರ ಮೇಲಕ್ಕೂ ಕೆಳಕ್ಕೂ ಜಾರಿಸುತ್ತದೆ. ನಿರುದ್ಯೋಗಿ ಎಡಗೈಗೆ ಕೊನೆಗೂ ನೌಕರಿ ಸಿಗುವುದು ಇಲ್ಲೇ. ಹೊಸ ನೌಕರನ ಉತ್ಸಾಹದಲ್ಲಿ ಅದು ಜಾರಬಾರದ ಸ್ವರಗಳನ್ನೂ ಜಾರಿಸುತ್ತದೆ.

ಧ್ವನಿಮುದ್ರಣದ ಹೊತ್ತು ಮಕ್ಕಳು ಮಲಗಿದ ಮೇಲೆ. ನ್ಯೂಜೆರ್ಸಿಯಲ್ಲಿ ರಾತ್ರಿ 10 ಎಂದರೆ ಬೇಸಿಗೆಯಲ್ಲಿ ರೋಣದಲ್ಲಿ ಬೆಳಿಗ್ಗೆ 7.30, ಚಹಾ ಮುಗಿಸಿದ ತಾಯಿ ಮಗನಿಗೆ ಫೋನು ಮಾಡುವ ಹೊತ್ತೂ ಅದೇ.

“ಏನ್ ಮಾಡಾಕತ್ತೀಪಾ?”

“ರೆಕಾರ್ಡಿಂಗ್ ನಡದೈತಿ ಬೇ.”

“ಮಾಡಪಾ ಮಾಡು, ನಾ ಯಾಕ ಅಡ್ಡ ಬರ್ಲಿ?” ಎಂದ ನಂತರ ಓಣಿಯ ಎರಡು ಮದುವೆ, ಒಂದು ಭಾಗದ ಜಗಳ, ಸಜ್ಜಿಯ ರೇಟು ವರದಿಯಾಗುತ್ತವೆ.

ಮುದ್ರಣಕ್ಕಾಗಿ ಇಡೀ ಮನೆಯ ಬಾಯಿ ಮುಚ್ಚಿಸುವುದು ರೂಢಿ. ಆದರೆ ಕೀಬೋರ್ಡಿನ ದನಿ ವೈರಿನಲ್ಲಿ ಹೋಗುತ್ತದೆ. ಮಿಕ್ಸಿ ತಿರುಗಿದರೂ, ಮಕ್ಕಳು ಕಾದಾಡಿದರೂ ಅದಕ್ಕೆ ಕೇಳದು. ಈ ಸಂಗತಿ ಹೆಂಡತಿಗೆ ತಿಳಿಯುವವರೆಗೆ ಮನೆಯಲ್ಲಿ ಶಾಂತಿ ಇರುತ್ತದೆ.

ನಿಜಕ್ಕೂ ಮೈಕು ಬೇಕಾಗುವುದು ತಾಳಕ್ಕೆ. ಕಂಪ್ಯೂಟರಿನ ತಬಲಾದಲ್ಲಿ ಊರಿನ ವಾಸನೆ ಇಲ್ಲವೆಂದು ಕಂಡಾಗ ಯಜಮಾನ ಮೈಕು ಹಿಡಿದು ಅಡುಗೆಮನೆಗೆ ಬರುತ್ತಾನೆ. ಜೋಳದ ರೊಟ್ಟಿ ಬಡಿಯುವಾಗ ಅಂಗೈ ಏಟು ನಡುವಿಗೆ ದಪ್ಪ, ಅಂಚಿಗೆ ತೆಳು. ಹಿಟ್ಟು ಹರಡಿದಂತೆ ಸಪ್ಪಳ ಚುರುಕಾಗುತ್ತದೆ. ಅಂಥ ಬಡಿತ ಹದಕ್ಕೆ ಬರುವಷ್ಟರಲ್ಲಿ ಹಂಚಿನ ಹೊಗೆಗೆ ಸ್ಮೋಕ್ ಅಲಾರಮ್ಮು ಕೂಗುತ್ತದೆ. ಅದರ ಕೂಗು ಸಾಮಾನ್ಯವಾಗಿ 3.1 ಕಿಲೊಹರ್ಟ್ಸ್ ಆಸುಪಾಸು. ಪೇಟಿಯ ‘ಕಪ್ಪು ಒಂದು’ ಎಂಬ ಕೀಯನ್ನು ಷಡ್ಜ ಮಾಡಿಕೊಂಡವರಿಗೆ ಅದು ತೀವ್ರ ಮಧ್ಯಮದ ಹತ್ತಿರ ಬೀಳುತ್ತದೆ. ಭೀಮಪಲಾಸಿಯಲ್ಲಿ ಆ ಸ್ವರವೇ ಇಲ್ಲ. ಎರಡನೆಯ ಸಲ ರೊಟ್ಟಿ ಬಡಿಯಲು ಹೆಂಡತಿ ಒಪ್ಪುವುದು ಪಾತ್ರೆ ತೊಳೆಯುವ ಕರಾರಿನ ಮೇಲೆ.

ಕೊನೆಯ ಹಂತ ಮಿಕ್ಸಿಂಗ್. ಬಹಳಷ್ಟು ಶ್ರಮ ಬೇಸ್ ಸ್ವರಗಳಿಗೆ ಸಲ್ಲುತ್ತದೆ. ಕೃತಿ ವಾಟ್ಸ್ಯಾಪಿನಲ್ಲಿ ಊರಿಗೆ ಹೋಗುತ್ತದೆ; ಮೊಬೈಲಿನ ಸಣ್ಣ ಸ್ಪೀಕರಿಗೆ ಆ ತಗ್ಗಿನ ಸ್ವರ ಹೊರಡಿಸುವ ತಾಕತ್ತಿಲ್ಲ. ಉಳಿಯುವುದು ಮೇಲಿನ ಸ್ವರ ಮತ್ತು ರೊಟ್ಟಿ. ಊರಿನ ತೀರ್ಪು ಬರುತ್ತದೆ: “ಪೇಟಿ ಇರ್ಲಿ ಬಿಡು. ಆದ್ರ ಸೊಸಿ ರೊಟ್ಟಿ ಭಾಳ ಛಲೋ ಬಡದಾಳ.”

ಹೊಸದಾಗಿ ಸ್ಟುಡಿಯೊ ಹೂಡುವವರು ಕೃತಿಯನ್ನು ಮೂರು ನಿಮಿಷದೊಳಗೆ ಮುಗಿಸಬೇಕು, ಫೋನನ್ನು ಮೇಲಿನ ಮಹಡಿಯಲ್ಲಿ ಬಿಟ್ಟು ಬರಬೇಕು. ಕಲಾವಿದರ ಪಟ್ಟಿಯಲ್ಲಿ ರೊಟ್ಟಿ ಬಡಿದವರ ಹೆಸರನ್ನು ಕೀಬೋರ್ಡ್ ನುಡಿಸಿದವರ ಹೆಸರಿಗಿಂತ ಮೇಲೆ ಹಾಕುವುದು ಕ್ಷೇಮ.